ವಿದ್ಯಾಪೀಠ ಮತ್ತು ಊರು: ಒಂದು ಐತಿಹಾಸಿಕ ಅವಲೋಕನ

ವಿದ್ಯಾವಂತನಾದವನಿಗೆ ತನ್ನನ್ನು ಪೋಷಿಸಿದ ಸಮಾಜದ ಋಣವೊಂದಿದೆ ಎಂಬ ಮಾತನ್ನು ನಾವು ಪದವೀಪ್ರದಾನ ಸಮಾರಂಭಗಳಲ್ಲಿ ತಪ್ಪದೆ ಕೇಳುತ್ತೇವೆ. ಮಾತು ಸರಿಯಾದುದೇ. ಆದರೆ ಆ ಋಣವನ್ನು ತೀರಿಸುವ ಬಗೆ ಯಾವುದು ಎಂಬುದು ಅಷ್ಟು ಸುಲಭವಾಗಿ ಇತ್ಯರ್ಥವಾಗುವ ಸಂಗತಿಯಲ್ಲ. ಸಾಲ ಕೊಟ್ಟವನಿಗೆ ಬೇಕಾದುದನ್ನು ಹಿಂದಿರುಗಿಸದೆ, ನಮಗೆ ತೋಚಿದ್ದನ್ನು ಅವನ ಮನೆಯ ಬಾಗಿಲಿನಲ್ಲಿಟ್ಟು ಬಂದರೆ ಋಣ ತೀರಿದಂತಾಗುವುದಿಲ್ಲ. ವಿಶ್ವವಿದ್ಯಾನಿಲಯಗಳು ಜನಸಮುದಾಯದ ಕಷ್ಟಗಳನ್ನು ನೀಗಲು ಹೊರಟ ನೂರು ವರ್ಷಗಳಿಗೂ ಮೀರಿದ ಇತಿಹಾಸವನ್ನು ನೋಡಿದರೆ, ಈ ಒಂದು ತೊಡಕು ಮತ್ತೆ ಮತ್ತೆ ಎದುರಾಗುವುದನ್ನು ಕಾಣಬಹುದು. ಬೇಕಾದುದೇನೆಂದು ನಿರ್ಧರಿಸುವವರು ಯಾರು? ಪಂಡಿತರೋ, ಊರಿನವರೋ?

ಈ ಪ್ರಶ್ನೆಗೆ ನಮ್ಮ ನಾಡಿನಲ್ಲಿಯೇ, ತುಮಕೂರು ಜಿಲ್ಲೆಯ ಒಂದು ಪುಟ್ಟ ಊರಿನಲ್ಲಿ, ಬಹಳ ಸ್ಪಷ್ಟವಾದ ಉತ್ತರವೊಂದು ದೊರೆತಿತ್ತು. ಆ ಕಥೆಯನ್ನು ಹೇಳುವುದೇ ಈ ಲೇಖನದ ಮುಖ್ಯ ಉದ್ದೇಶ. ಆದರೆ ಅದರ ಬೆಲೆ ತಿಳಿಯಬೇಕಾದರೆ ಅದಕ್ಕಿಂತ ಹಿಂದಿನ ಕೆಲವು ಪ್ರಯತ್ನಗಳನ್ನು ಸ್ಥೂಲವಾಗಿಯಾದರೂ ಅರಿತಿರಬೇಕಾಗುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾನಿಲಯಗಳ ಕೆಲವು ತರುಣರಿಗೆ ತಮ್ಮ ವಿದ್ಯೆಯ ಬಗ್ಗೆಯೇ ಅತೃಪ್ತಿ ಹುಟ್ಟಿತು. ಲಂಡನ್ ನಗರದ ಪೂರ್ವಭಾಗದಲ್ಲಿ ಲಕ್ಷಾಂತರ ಕೂಲಿಕಾರರು ಕೊಳಕು ಕೇರಿಗಳಲ್ಲಿ ಬದುಕುತ್ತಿದ್ದಾಗ, ತಾವು ನೂರು ಮೈಲಿಯೊಳಗೆ ಕುಳಿತು ಗ್ರೀಕ್ ಭಾಷೆಯ ಗ್ರಂಥಗಳನ್ನು ಓದುತ್ತಿರುವುದು ಅವರಿಗೆ ಸಹಿಸದಾಯಿತು. ಪಾದ್ರಿ ಸ್ಯಾಮ್ಯುಯೆಲ್ ಬಾರ್ನೆಟ್ ಮತ್ತು ಅವರ ಪತ್ನಿ ಹೆನ್ರಿಯೆಟಾ ಅವರ ಮುಂದಾಳುತನದಲ್ಲಿ 1884ರಲ್ಲಿ ಅಲ್ಲಿನ ವೈಟ್‌ಚಾಪೆಲ್ ಪ್ರದೇಶದಲ್ಲಿ ಟಾಯ್ನ್‌ಬಿ ಹಾಲ್ ಎಂಬ ನೆಲೆ ಸ್ಥಾಪಿತವಾಯಿತು. ವಿದ್ಯಾರ್ಥಿಗಳು ಬಡವರ ನಡುವೆಯೇ ಬಂದು ವಾಸಿಸಬೇಕೆಂಬುದು ಅದರ ಮೂಲ ತತ್ತ್ವ. ಅದರಿಂದ ಸ್ಫೂರ್ತಿಗೊಂಡ ಜೇನ್ ಆಡಮ್ಸ್ ಎಂಬ ಮಹಿಳೆ 1889ರಲ್ಲಿ ತಮ್ಮ ಗೆಳತಿಯೊಡನೆ ಅಮೆರಿಕದ ಷಿಕಾಗೋ ನಗರದಲ್ಲಿ ಹಲ್ ಹೌಸ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಅಲ್ಲಿ ನೆಲೆಸಿದ್ದವರು ಸುತ್ತಲಿನ ಕೇರಿಗಳ ಮನೆಮನೆಯ ವೇತನವನ್ನೂ ಅವರು ಯಾವ ದೇಶದಿಂದ ಬಂದವರೆಂಬುದನ್ನೂ ಬಣ್ಣದ ನಕಾಶೆಗಳಲ್ಲಿ ಗುರುತಿಸಿ 1895ರಲ್ಲಿ ಪ್ರಕಟಿಸಿದರು. ಬಡತನವು ದೈವೇಚ್ಛೆಯಲ್ಲ, ಅಳೆದು ನೋಡಬಹುದಾದ, ಆದುದರಿಂದ ನಿವಾರಿಸಬಹುದಾದ ಸ್ಥಿತಿ ಎಂಬ ತಿಳಿವಳಿಕೆ ಇಂಥ ಕೆಲಸಗಳಿಂದ ಬಲಗೊಂಡಿತು.

ಭಾರತದಲ್ಲಿ ಈ ವಿಚಾರ ಬೇರೆಯೇ ಆದ ನೆಲದಲ್ಲಿ ಬೇರು ಬಿಟ್ಟಿತು. ಇಲ್ಲಿ ವಿಶ್ವವಿದ್ಯಾನಿಲಯಗಳು 1857ರಲ್ಲಿ ಬ್ರಿಟಿಷರ ಆಳ್ವಿಕೆಯ ಅಗತ್ಯಕ್ಕಾಗಿ ಹುಟ್ಟಿದವು. ಅವುಗಳ ಭಾಷೆ ಜನರ ಭಾಷೆಯಾಗಿರಲಿಲ್ಲ. ಅವುಗಳಲ್ಲಿ ಕಲಿತವನು ಹಳ್ಳಿಗೆ ಮರಳುವುದು ಅಪರೂಪವಾಗಿತ್ತು. ಈ ಕಂದಕವನ್ನು ಮೊದಲು ಗಂಭೀರವಾಗಿ ಗಮನಿಸಿದವರಲ್ಲಿ ರವೀಂದ್ರನಾಥ ಠಾಕೂರರು ಒಬ್ಬರು. ವಿಶ್ವಭಾರತಿಯು 1921ರ ಡಿಸೆಂಬರಿನಲ್ಲಿ ವಿಧ್ಯುಕ್ತವಾಗಿ ಸ್ಥಾಪನೆಗೊಂಡ ಕೆಲವೇ ವಾರಗಳಲ್ಲಿ, 1922ರ ಫೆಬ್ರವರಿಯಲ್ಲಿ, ಶಾಂತಿನಿಕೇತನದ ಸಮೀಪದ ಸುರುಲ್ ಎಂಬಲ್ಲಿ ಅದರ ಗ್ರಾಮ ಪುನರ್ರಚನಾ ವಿಭಾಗ ಕಣ್ದೆರೆಯಿತು. ಮುಂದೆ ಶ್ರೀನಿಕೇತನವೆಂದು ಹೆಸರಾದದ್ದು ಇದೇ. ಅದರ ಮೊದಲ ನಿರ್ದೇಶಕರಾಗಿದ್ದ ಲಿಯೊನಾರ್ಡ್ ಎಲ್ಮ್‌ಹರ್ಸ್ಟ್ ಎಂಬ ಆಂಗ್ಲ ತರುಣರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಕೃಷಿಶಾಸ್ತ್ರವನ್ನು ಕಲಿತು ಬಂದಿದ್ದರು. ರೈತನ ಹೊಲಕ್ಕೆ ವಿದ್ಯೆಯನ್ನು ಒಯ್ಯುವುದು ತನ್ನ ಕರ್ತವ್ಯಗಳಲ್ಲೊಂದೆಂದು ಭಾವಿಸಿದ್ದ ವಿಶ್ವವಿದ್ಯಾನಿಲಯವದು.

ಎಲ್ಮ್‌ಹರ್ಸ್ಟರು ಸುರುಲಿನ ಸುತ್ತಲ ಹಳ್ಳಿಗಳ ಅವನತಿಗೆ ಕಾರಣವೇನೆಂದು ವಿಚಾರಿಸಿದಾಗ ಕಂಡುಬಂದವು ಮೂರು: ಬೆಳೆಯನ್ನು ಹಾಳುಮಾಡುವ ಕೋತಿಗಳು, ಮನುಷ್ಯರನ್ನು ಹಾಳುಮಾಡುವ ಮಲೇರಿಯಾ, ಇವೆರಡನ್ನೂ ಎದುರಿಸಲು ಬಿಡದ ಪರಸ್ಪರ ಅಪನಂಬಿಕೆ. ಮೊದಲಿನ ಎರಡು ಕೃಷಿಶಾಸ್ತ್ರಜ್ಞನೂ ವೈದ್ಯನೂ ನೋಡಿಕೊಳ್ಳಬಹುದಾದುವು. ಮೂರನೆಯದಕ್ಕೆ ಯಾವ ವಿದ್ಯಾಲಯದಲ್ಲಿಯೂ ಔಷಧವಿರಲಿಲ್ಲ. ಅದನ್ನು ಊರಿನವರೇ ಕೂಡಿ ಮಾಡುವ ಕೆಲಸದ ಮೂಲಕ ಮಾತ್ರ ಗುಣಪಡಿಸಲು ಸಾಧ್ಯವಿತ್ತು. ಶ್ರೀನಿಕೇತನದ ಕಾರ್ಯಕರ್ತರು ಹಳ್ಳಿಗಳಲ್ಲಿ ಸಹಕಾರಿ ಆರೋಗ್ಯ ಸಂಘಗಳನ್ನು ಕಟ್ಟಲು ಶ್ರಮಿಸಿದ್ದರ ಹಿಂದೆ ಇದ್ದುದು ಈ ಅರಿವೇ.

ಇದೇ ಕಾಲದಲ್ಲಿ ಗುಜರಾತಿನಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಅಸಹಕಾರ ಚಳವಳಿಯ ಸಂದರ್ಭದಲ್ಲಿ, 1920ರಲ್ಲಿ, ಗಾಂಧೀಜಿಯವರು ಅಹಮದಾಬಾದಿನಲ್ಲಿ ಗುಜರಾತ್ ವಿದ್ಯಾಪೀಠವನ್ನು ಸ್ಥಾಪಿಸಿದ್ದರು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಸಾರ್ವಜನಿಕ ಹಣಕಾಸು ಶಾಸ್ತ್ರವನ್ನು ಓದಿದ್ದ ಜೆ. ಸಿ. ಕುಮಾರಪ್ಪನವರು 1929ರಲ್ಲಿ ಗಾಂಧೀಜಿಯವರನ್ನು ಭೇಟಿಯಾದಾಗ, ಗಾಂಧೀಜಿ ಅವರಿಗೆ ಒಪ್ಪಿಸಿದ್ದು ಖೇಡಾ ಜಿಲ್ಲೆಯ ಮಾತರ್ ತಾಲ್ಲೂಕಿನ ಹಳ್ಳಿಗಳ ಆರ್ಥಿಕ ಸಮೀಕ್ಷೆಯನ್ನು. ವಿದ್ಯಾಪೀಠದ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು ಹಳ್ಳಿಗಳಲ್ಲಿ ಸುತ್ತಿ, ರೈತನ ಆದಾಯವೆಷ್ಟು, ಖರ್ಚೆಷ್ಟು, ಸಾಲವೆಷ್ಟು, ಸರ್ಕಾರ ಕೇಳುವ ಕಂದಾಯವೆಷ್ಟು ಎಂಬುದನ್ನು ದಾಖಲಿಸಿದರು. 1931ರಲ್ಲಿ ವಿದ್ಯಾಪೀಠವೇ ಅದನ್ನು ಗ್ರಂಥರೂಪದಲ್ಲಿ ಪ್ರಕಟಿಸಿತು. ಕುಮಾರಪ್ಪನವರಿಗೆ ಗುಜರಾತಿ ಭಾಷೆ ಬರುತ್ತಿರಲಿಲ್ಲ. ಶಾಸ್ತ್ರ ಅವರದಾಗಿತ್ತು, ಕಿವಿ ಮತ್ತು ನಾಲಗೆ ವಿದ್ಯಾರ್ಥಿಗಳವಾಗಿದ್ದುವು. ರೈತನ ಬಡತನದ ಬಗ್ಗೆ ಅನುಕಂಪದ ಮಾತನಾಡುವವರು ಅಂದೂ ಅನೇಕರಿದ್ದರು. ಆದರೆ ಸರ್ಕಾರದ ಅಂಕಿಅಂಶಗಳಿಗೆ ಎದುರಾಗಿ ರೈತನ ಮನೆಯ ಲೆಕ್ಕವನ್ನು ಇಡಬೇಕಾದರೆ ಅದಕ್ಕೆ ವಿದ್ಯಾಪೀಠವೇ ಬೇಕಾಯಿತು.

ಇನ್ನು ನಮ್ಮ ಮೈಸೂರು ಸಂಸ್ಥಾನದ ಮಾತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1916ರಲ್ಲಿ, ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯವು 1930ರ ದಶಕದಲ್ಲಿ ಪ್ರಚಾರೋಪನ್ಯಾಸಗಳೆಂಬ ಸ್ತುತ್ಯವಾದ ಕಾರ್ಯವನ್ನು ಕೈಗೊಂಡಿತು. ಅಧ್ಯಾಪಕರು ಊರೂರಿಗೆ ಹೋಗಿ ವಿಜ್ಞಾನ, ಇತಿಹಾಸ, ಸಾಹಿತ್ಯ ಮೊದಲಾದ ವಿಷಯಗಳನ್ನು ಕುರಿತು ಕನ್ನಡದಲ್ಲಿ ಮಾತನಾಡಿದರು; ಆ ಉಪನ್ಯಾಸಗಳು ಕಿರುಪುಸ್ತಕಗಳಾಗಿ ಅಚ್ಚಾಗಿ ಅಲ್ಪ ಬೆಲೆಗೆ ಜನರ ಕೈಸೇರಿದುವು. ಕುವೆಂಪು ಅವರು 1956ರಿಂದ 1960ರವರೆಗೆ ಕುಲಪತಿಗಳಾಗಿದ್ದಾಗ ಪ್ರಸಾರಾಂಗದ ಮೂಲಕ ಈ ಕೆಲಸಕ್ಕೆ ಹೊಸ ಚೈತನ್ಯ ಬಂದಿತು. ಕನ್ನಡದಲ್ಲಿ ವಿಜ್ಞಾನವನ್ನು ಹೇಳಲಾಗದು ಎಂಬ ಭ್ರಮೆಯನ್ನು ಹರಿದವರು ಈ ಉಪನ್ಯಾಸಕರು. ಅವರ ಉಪಕಾರವನ್ನು ಕನ್ನಡಿಗರು ಮರೆಯಲಾಗದು.

ಆದರೂ ಒಂದು ಮಾತನ್ನು ಹೇಳಲೇಬೇಕು. ಉಪನ್ಯಾಸವೆಂಬುದು ಒಂದೇ ದಿಕ್ಕಿನ ಹರಿವು. ಪಂಡಿತರು ಮಾತನಾಡುತ್ತಾರೆ, ಊರಿನವರು ಕೇಳುತ್ತಾರೆ. ಸಮೀಕ್ಷೆಯಲ್ಲಿ ಹರಿವು ತಿರುವುಮುರುವಾಗುತ್ತದೆ. ಊರಿನವರು ಹೇಳುತ್ತಾರೆ, ಪಂಡಿತರು ಬರೆದುಕೊಳ್ಳುತ್ತಾರೆ. ಆದರೆ ಯಾವ ಪ್ರಶ್ನೆಗೆ ಉತ್ತರ ಹೇಳಬೇಕೆಂಬುದನ್ನು ನಿರ್ಧರಿಸುವವರು ಆಗಲೂ ಪಂಡಿತರೇ. ಸ್ವಾತಂತ್ರ್ಯಾನಂತರ, ಗಾಂಧಿ ಶತಾಬ್ದಿಯ ವರ್ಷವಾದ 1969ರಲ್ಲಿ 37 ವಿಶ್ವವಿದ್ಯಾನಿಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯು ವಿದ್ಯಾರ್ಥಿಗಳ ಶ್ರಮವನ್ನು ಹಳ್ಳಿಗೆ ತಂದಿತು. ರಸ್ತೆ ದುರಸ್ತಿಯಾಯಿತು, ಗಿಡಗಳನ್ನು ನೆಟ್ಟದ್ದಾಯಿತು. ಶ್ರಮವು ಶುದ್ಧವಾದ ದಾನವೇ ಹೌದು. ಆದರೆ ಶಿಬಿರ ಮುಗಿದು ವಿದ್ಯಾರ್ಥಿಗಳು ಬಸ್ಸು ಹತ್ತಿದ ಮೇಲೆ ಊರಿಗೂ ವಿದ್ಯಾಲಯಕ್ಕೂ ಉಳಿಯುವ ಸಂಬಂಧವೇನು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಈ ಹಿನ್ನೆಲೆಯಲ್ಲಿ ನಾವು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ನಡೆದ ಸಂಗತಿಯನ್ನು ನೋಡಬೇಕು. ಜೆಮ್‌ಶೇಟ್‌ಜಿ ಟಾಟಾ ಅವರ ಸಂಕಲ್ಪದಿಂದಲೂ ಮೈಸೂರು ಅರಸರ ಭೂದಾನದಿಂದಲೂ 1909ರಲ್ಲಿ ಅಸ್ತಿತ್ವಕ್ಕೆ ಬಂದ ಈ ಸಂಸ್ಥೆ, 1958ರಲ್ಲಿ ವಿಶ್ವವಿದ್ಯಾನಿಲಯಕ್ಕೆ ಸಮಾನವೆಂಬ ಮನ್ನಣೆಯನ್ನು ಪಡೆದಿತ್ತು. ಅಲ್ಲಿ ವಿದ್ಯುತ್ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅಮೂಲ್ಯ ಕುಮಾರ್ ಎನ್. ರೆಡ್ಡಿ ಅವರು ತಮ್ಮ ಶಾಸ್ತ್ರದಲ್ಲಿ ಜಗತ್ತಿನಲ್ಲೆಲ್ಲ ಪಠ್ಯವಾಗಿದ್ದ ಗ್ರಂಥವೊಂದರ ಸಹಲೇಖಕರು. ಅಂಥವರು ತಮ್ಮ ಪ್ರಯೋಗಶಾಲೆಯ ಖ್ಯಾತಿಯನ್ನು ಬದಿಗಿಟ್ಟು, ದೇಶದ ಅತ್ಯುತ್ತಮ ವಿಜ್ಞಾನಿಗಳ ಬುದ್ಧಿಯು ಹಳ್ಳಿಯ ಬಡವರ ಅಗತ್ಯಗಳ ಕಡೆಗೆ ಏಕೆ ತಿರುಗುವುದಿಲ್ಲವೆಂದು ಕೇಳತೊಡಗಿದರು. ಸಹೋದ್ಯೋಗಿಗಳು ಕೆಲವರು ಜೊತೆಗೂಡಿದರು. ಅಂದಿನ ನಿರ್ದೇಶಕರಾಗಿದ್ದ ಸತೀಶ್ ಧವನ್ ಅವರು ಬೆಂಬಲವಿತ್ತರು. ಹೀಗೆ ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಅನ್ವಯಿಸುವ ಉದ್ದೇಶದ ಘಟಕವೊಂದು ಹುಟ್ಟಿತು. ಅದರ ಆಂಗ್ಲ ಹೆಸರಿನ ಮೊದಲಕ್ಷರಗಳು ಸೇರಿ 'ಅಸ್ತ್ರ' ಎಂದಾಯಿತು.

ಅಸ್ತ್ರದವರು ಮಾಡಿದ ಮೊದಲ ವಿವೇಕದ ಕೆಲಸವೆಂದರೆ ಬೆಂಗಳೂರಿನಲ್ಲಿಯೇ ಕುಳಿತು ಹಳ್ಳಿಗಾಗಿ ಯಂತ್ರಗಳನ್ನು ರೂಪಿಸಲು ಹೊರಡದಿದ್ದುದು. ಕುಣಿಗಲ್ ತಾಲ್ಲೂಕಿನ ಉಂಗ್ರ ಎಂಬ ಗ್ರಾಮದಲ್ಲಿ ವಿಸ್ತರಣಾ ಕೇಂದ್ರವೊಂದನ್ನು ತೆರೆದು, ಅಲ್ಲಿಂದ ಸುತ್ತಲ ಊರುಗಳ ಬದುಕನ್ನು ಅಧ್ಯಯನ ಮಾಡಿದರು. ಅಂಥ ಊರುಗಳಲ್ಲಿ ಪುರ ಎಂಬುದು ಒಂದು. 1977ರಲ್ಲಿ ಅಲ್ಲಿ ಇದ್ದುದು 56 ಮನೆಗಳು, 357 ಜನರು. ಈ ಚಿಕ್ಕ ಊರಿನಲ್ಲಿ ದಿನಕ್ಕೆ ಎಷ್ಟು ಸೌದೆ ಉರಿಯುತ್ತದೆ, ಎಷ್ಟು ಸೀಮೆಎಣ್ಣೆ ಬೇಕಾಗುತ್ತದೆ, ಎತ್ತುಗಳು ಎಷ್ಟು ಹೊತ್ತು ದುಡಿಯುತ್ತವೆ, ಮನುಷ್ಯರು ಎಷ್ಟು ಹೊತ್ತು ದುಡಿಯುತ್ತಾರೆ ಎಂಬುದನ್ನು ಅವರು ತೂಗಿ ಅಳೆದು ಬರೆದಿಟ್ಟರು. ಭೌತಶಾಸ್ತ್ರದ ಪ್ರಯೋಗಕ್ಕೆ ಸಲ್ಲುವ ಶ್ರದ್ಧೆಯನ್ನು ಒಂದು ಹಳ್ಳಿಯ ಒಲೆಗೆ ಸಲ್ಲಿಸಿದ್ದು ಬಹುಶಃ ನಮ್ಮಲ್ಲಿ ಅದೇ ಮೊದಲು.

ಆ ಲೆಕ್ಕದಿಂದ ಹೊರಬಂದ ಸತ್ಯಗಳು ಕಣ್ತೆರೆಸುವಂಥವು. ಊರಿನಲ್ಲಿ ಬಳಕೆಯಾಗುತ್ತಿದ್ದ ಒಟ್ಟು ಶಕ್ತಿಯ ಬಹುಪಾಲು ಸೌದೆಯಿಂದ ಬರುತ್ತಿತ್ತು. ಅದರಲ್ಲಿಯೂ ಬಹುಪಾಲು ಅಡುಗೆಯ ಒಲೆಗೆ ಹೋಗುತ್ತಿತ್ತು. ವಿದ್ಯುಚ್ಛಕ್ತಿಯ ಪಾಲು ಶೇಕಡಾ ಒಂದನ್ನೂ ಮುಟ್ಟುತ್ತಿರಲಿಲ್ಲ. ಮನುಷ್ಯಶ್ರಮದ ಲೆಕ್ಕವನ್ನು ಬಿಡಿಸಿ ನೋಡಿದಾಗ ಶೇಕಡಾ 31ರಷ್ಟು ಗಂಡಸರದು, ಶೇಕಡಾ 53ರಷ್ಟು ಹೆಂಗಸರದು, ಶೇಕಡಾ 16ರಷ್ಟು ಮಕ್ಕಳದು ಎಂದು ತಿಳಿಯಿತು. ಸೌದೆ ಆರಿಸುವುದು, ನೀರು ಹೊರುವುದು, ಅಡುಗೆ ಮಾಡುವುದು ಇವೆಲ್ಲ ಅದುವರೆಗೆ ಯಾವ ಯೋಜನಾ ವರದಿಯಲ್ಲಿಯೂ ದುಡಿಮೆಯೆಂದು ಎಣಿಕೆಗೆ ಬಾರದ ಕೆಲಸಗಳು. ಗೃಹಿಣಿಯು ನಿತ್ಯವೂ ಹೊತ್ತ ಭಾರಕ್ಕೆ ಅಂಕಿಗಳ ರೂಪದಲ್ಲಿ ಮಾನ್ಯತೆ ಸಿಕ್ಕಿತು. ಎಣಿಕೆಯೂ ಒಂದು ಬಗೆಯ ಗೌರವವೇ. ಎಣಿಸದೆ ಬಿಡುವುದೂ ಒಂದು ಬಗೆಯ ಅವಮಾನವೇ.

ಈ ಅಧ್ಯಯನದ ಬಲದಿಂದಲೇ ಅಸ್ತ್ರ ಒಲೆ ಹುಟ್ಟಿತು. ಮೂರು ಪಾತ್ರೆಗಳನ್ನು ಏಕಕಾಲಕ್ಕೆ ಇಡಬಹುದಾದ, ಹೊಗೆಯನ್ನು ಕೊಳವೆಯ ಮೂಲಕ ಹೊರಕ್ಕೆ ಒಯ್ಯುವ, ಹಳೆಯ ಒಲೆಗಿಂತ ಬಹಳ ಕಡಿಮೆ ಸೌದೆಯಲ್ಲಿ ಬೇಯಿಸುವ ಈ ಒಲೆಯನ್ನು 1980ರ ದಶಕದಲ್ಲಿ ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ ಹಾಕಲಾಯಿತು. ವಾಚಕರಲ್ಲಿ ಅನೇಕರ ಮನೆಗಳಲ್ಲಿಯೇ ಅದು ಇದ್ದಿರಬಹುದು. ಅದರ ಹೆಸರನ್ನು ಬಲ್ಲವರಲ್ಲಿ ಎಷ್ಟೋ ಮಂದಿಗೆ ಅದು ಒಂದು ವಿಜ್ಞಾನ ಸಂಸ್ಥೆಯ ಕೂಸೆಂಬುದು ತಿಳಿದಿರಲಾರದು.

ಇಲ್ಲಿಗೆ ಕಥೆ ಮುಗಿದಿದ್ದರೆ ಅದು ಪಂಡಿತರ ಯಶಸ್ಸಿನ ಮತ್ತೊಂದು ಕಥೆಯಾಗುತ್ತಿತ್ತು. ಆದರೆ ಪುರದಲ್ಲಿ ಮುಂದೆ ನಡೆದದ್ದು ಅದಕ್ಕಿಂತ ಹೆಚ್ಚು ಬೋಧಪ್ರದವಾದುದು.

ಅಡುಗೆಗೆ ಸೌದೆಯೇ ಅತಿ ದೊಡ್ಡ ಹೊರೆ ಎಂದು ಲೆಕ್ಕ ಹೇಳುತ್ತಿತ್ತಷ್ಟೆ. ಆದುದರಿಂದ ಊರಿನ ದನಗಳ ಸಗಣಿಯನ್ನೆಲ್ಲ ಒಂದೆಡೆ ಕೂಡಿಸಿ, ಸಮುದಾಯದ ಗೋಬರ್ ಗ್ಯಾಸ್ ಸ್ಥಾವರವನ್ನು ಕಟ್ಟಿ, ಮನೆಮನೆಗೂ ಅಡುಗೆ ಅನಿಲವನ್ನು ಒದಗಿಸಬೇಕೆಂದು ವಿಜ್ಞಾನಿಗಳು ಯೋಚಿಸಿದರು. ತರ್ಕದಲ್ಲಿ ದೋಷವಿರಲಿಲ್ಲ. ಸ್ಥಾವರದ ರಚನೆಯನ್ನು ಸುಧಾರಿಸಿ ಖರ್ಚನ್ನು ತಗ್ಗಿಸಿದ್ದೂ ಆಯಿತು. ಆದರೆ ಯೋಜನೆ ಮೇಲೇಳಲಿಲ್ಲ. ಎಲ್ಲರ ಅಡುಗೆಗೂ ಸಾಲುವಷ್ಟು ಸಗಣಿ ಊರಿನಲ್ಲಿ ಕೂಡಿಬರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಊರಿನವರಲ್ಲಿ ಉತ್ಸಾಹವೇ ಕಾಣಲಿಲ್ಲ. ಸೌದೆಗಾಗಿ ಅವರು ಹಣ ತೆರುತ್ತಿರಲಿಲ್ಲ. ಆರಿಸಿ ತಂದರೆ ಸಿಗುತ್ತಿತ್ತು. ದಿನವೂ ಸಗಣಿ ಹೊತ್ತು ತಂದು ಕೊಡುವಷ್ಟು ದೊಡ್ಡ ಪ್ರಯೋಜನವನ್ನು ಅವರು ಅನಿಲದಲ್ಲಿ ಕಾಣಲಿಲ್ಲ.

ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಏನಾಗುತ್ತದೆ? ಜನರ ಅಜ್ಞಾನವೇ ಸೋಲಿಗೆ ಕಾರಣವೆಂದು ಒಂದು ವರದಿ ಬರೆಯಲ್ಪಡುತ್ತದೆ. ಅವರಿಗೆ ತಿಳಿವಳಿಕೆ ನೀಡಬೇಕೆಂದು ಇನ್ನೊಂದು ಶಿಫಾರಸು ಹೊರಡುತ್ತದೆ. ಅಸ್ತ್ರದವರು ಹಾಗೆ ಮಾಡಲಿಲ್ಲ ಎಂಬುದೇ ಈ ಇತಿಹಾಸದ ಹಿರಿಮೆ. ನಿಮಗೆ ಎಲ್ಲಕ್ಕಿಂತ ಮೊದಲು ಬೇಕಾದುದು ಯಾವುದು ಎಂಬ ಪ್ರಶ್ನೆಗೆ ಊರಿನವರು ಕೊಟ್ಟ ಉತ್ತರ ಕುಡಿಯುವ ನೀರು. ಶಕ್ತಿಯ ಲೆಕ್ಕವನ್ನು ಎಷ್ಟು ನಿಖರವಾಗಿ ಮಾಡಿದರೂ ಈ ಉತ್ತರವು ಆ ಲೆಕ್ಕದಿಂದ ಹೊರಡುವಂಥದಲ್ಲ. ಅದನ್ನು ಊರಿನ ಬಾಯಿಂದಲೇ ಕೇಳಬೇಕಾಗಿತ್ತು. ತಮ್ಮ ಮೊದಲ ಯೋಜನೆ ಏಕೆ ಫಲಿಸಲಿಲ್ಲವೆಂಬುದನ್ನು ರೆಡ್ಡಿಯವರೂ ಅವರ ಸಹೋದ್ಯೋಗಿಗಳೂ ಮುಂದೆ ತಮ್ಮ ಪ್ರಬಂಧಗಳಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ವಿಜ್ಞಾನಿಗೆ ಇದಕ್ಕಿಂತ ದೊಡ್ಡ ಪ್ರಾಮಾಣಿಕತೆ ಬೇರೊಂದಿಲ್ಲ.

ಅಂದಿನಿಂದ ಯೋಜನೆಯ ಗುರಿಯೇ ಬದಲಾಯಿತು. ಅದೇ ಸಗಣಿ, ಅದೇ ಸ್ಥಾವರ. ಆದರೆ ಅನಿಲವು ಒಲೆಗೆ ಹೋಗದೆ ಎಂಜಿನ್ನಿಗೆ ಹೋಯಿತು. ಸ್ವಲ್ಪ ಡೀಸೆಲ್ಲಿನೊಡನೆ ಅನಿಲವನ್ನು ಸೇರಿಸಿ ಎಂಜಿನ್ನನ್ನು ಓಡಿಸಿ, ಅದರಿಂದ ವಿದ್ಯುತ್ತನ್ನು ಉತ್ಪಾದಿಸಿ, ಆ ವಿದ್ಯುತ್ತಿನಿಂದ ಕೊಳವೆ ಬಾವಿಯ ನೀರನ್ನು ಮೇಲೆತ್ತಿ ನಲ್ಲಿಗಳಿಗೆ ಹರಿಸಲಾಯಿತು. ಸಂಜೆಯ ಹೊತ್ತು ಮನೆಗಳಿಗೆ ದೀಪವನ್ನೂ ಕೊಡಲಾಯಿತು. 1987ರ ಸೆಪ್ಟೆಂಬರಿನಿಂದ ಈ ವ್ಯವಸ್ಥೆ ನಡೆಯತೊಡಗಿತು. ಅನಿಲಕ್ಕಾಗಿ ಸಗಣಿ ಕೊಡಲು ಹಿಂಜರಿದಿದ್ದ ಊರೇ ನೀರಿಗಾಗಿ ಸಗಣಿ ಕೊಡಲು ಮುಂದಾಯಿತು.

ಅದರ ಕ್ರಮವನ್ನು ಗಮನಿಸಬೇಕು. ಸಾಮಾಜಿಕ ನೀತಿಯ ಸೂಕ್ಷ್ಮವೊಂದು ಅದರಲ್ಲಿ ಅಡಗಿದೆ. ಪ್ರತಿ ಮನೆಯವರೂ ತಂದ ಸಗಣಿಯನ್ನು ತೂಗಿ ಬರೆದುಕೊಳ್ಳಲಾಗುತ್ತಿತ್ತು. ಅನಿಲ ಹೊರಟುಹೋದ ಮೇಲೆ ಉಳಿಯುವ ಬಗ್ಗಡದ ನೀರನ್ನು ಸೋಸಿ, ಅವರವರು ತಂದ ಪ್ರಮಾಣಕ್ಕೆ ಅನುಗುಣವಾಗಿ ಗೊಬ್ಬರವಾಗಿ ಹಿಂದಕ್ಕೆ ಕೊಡಲಾಗುತ್ತಿತ್ತು. ಹೀಗಾಗಿ ರೈತನ ಹೊಲಕ್ಕೆ ನಷ್ಟವಾಗಲಿಲ್ಲ. ಸಗಣಿಯನ್ನು ಹೊತ್ತು ತಂದವರಿಗೆ ಕಿಲೋಗ್ರಾಮಿಗೆ ಎರಡು ಪೈಸೆಯಂತೆ ಕೂಲಿಯನ್ನೂ ನೀಡಲಾಗುತ್ತಿತ್ತು. ತರುವವರು ಹೆಚ್ಚಾಗಿ ಹೆಂಗಸರೇ ಆಗಿದ್ದುದರಿಂದ ಆ ಚಿಕ್ಕ ಮೊತ್ತ ಅವರ ಕೈಗೇ ಸೇರುತ್ತಿತ್ತು. ಸ್ಥಾವರವನ್ನು ನಡೆಸುವ ಹೊಣೆಯನ್ನು ಊರಿನ ತರುಣರೇ ಕಲಿತು ವಹಿಸಿಕೊಂಡರು. ದೀಪಕ್ಕೆ ಶುಲ್ಕವಿತ್ತು, ನಿರ್ಧಾರಗಳಿಗೆ ಊರಿನವರದೇ ಸಭೆಯಿತ್ತು.

ಅಮೆರಿಕದ ಗ್ಯಾರೆಟ್ ಹಾರ್ಡಿನ್ ಎಂಬ ಜೀವವಿಜ್ಞಾನಿ 1968ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಜಗತ್ತಿನಾದ್ಯಂತ ಚರ್ಚೆಗೆ ಕಾರಣವಾಗಿತ್ತು. ಊರೊಟ್ಟಿನ ಗೋಮಾಳದಲ್ಲಿ ಪ್ರತಿಯೊಬ್ಬನೂ ತನ್ನ ಲಾಭಕ್ಕಾಗಿ ಇನ್ನೊಂದು ದನವನ್ನು ಹೆಚ್ಚಿಗೆ ಮೇಯಿಸುತ್ತಾನೆ, ಕೊನೆಗೆ ಗೋಮಾಳವೇ ನಾಶವಾಗುತ್ತದೆ, ಸಾಮೂಹಿಕ ಸಂಪತ್ತಿನ ದುರಂತವಿದು ಎಂಬುದು ಅವರ ವಾದ. 1995ರ ಪ್ರಬಂಧವೊಂದರಲ್ಲಿ ರೆಡ್ಡಿಯವರು ಪುರದ ನಿದರ್ಶನವನ್ನು ಮುಂದಿಟ್ಟು ಸಾಮೂಹಿಕ ಸಂಪತ್ತು ವರವೂ ಆಗಬಲ್ಲದೆಂದು ತೋರಿಸಿದರು. ಪುರದಲ್ಲಿ ಒಬ್ಬನು ಸಗಣಿ ಕೊಡದೆ ತಪ್ಪಿಸಿಕೊಂಡರೆ ಅನಿಲ ಕಡಿಮೆಯಾಗುತ್ತದೆ. ಅನಿಲ ಕಡಿಮೆಯಾದರೆ ನೀರೂ ಬೆಳಕೂ ಎಲ್ಲರಿಗೂ ಕಡಿಮೆಯಾಗುತ್ತವೆ. ತಪ್ಪಿಸಿಕೊಂಡವನ ಮನೆಯೂ ಅದರಲ್ಲಿ ಸೇರಿರುತ್ತದೆ. ಸ್ವಹಿತವೂ ಪರಹಿತವೂ ಒಂದೇ ದಾರಿಯಲ್ಲಿ ನಡೆಯುವಂತೆ ವ್ಯವಸ್ಥೆಯನ್ನು ರೂಪಿಸಿದರೆ ಮನುಷ್ಯನಿಗೆ ಒಳ್ಳೆಯವನಾಗುವುದು ಸುಲಭವಾಗುತ್ತದೆ. ಸುರುಲಿನಲ್ಲಿ ಕಂಡುಬಂದಿದ್ದ ಮೂರನೆಯ ಪಿಡುಗಾದ ಪರಸ್ಪರ ಅಪನಂಬಿಕೆಗೆ ಪುರವು ಉಪದೇಶದಿಂದಲ್ಲ, ತಕ್ಕಡಿ ಮತ್ತು ಲೆಕ್ಕದ ಪುಸ್ತಕದಿಂದ ಮದ್ದು ಕಂಡುಹಿಡಿಯಿತು.

ಕೊಡುಗೆ ಒಂದೇ ಕಡೆಯಿಂದ ಬಂತೆಂದು ತಿಳಿಯಬಾರದು. ಪುರ ಮತ್ತು ಅದರ ನೆರೆಯ ಊರುಗಳು ವಿಜ್ಞಾನಿಗಳಿಗೆ ಕಲಿಸಿದ್ದು ಅಪಾರ. ಶಕ್ತಿಯ ಸಮಸ್ಯೆಯೆಂದರೆ ಹೆಚ್ಚು ಹೆಚ್ಚು ಉತ್ಪಾದಿಸುವುದಲ್ಲ, ಜನರಿಗೆ ಬೇಕಾದ ನೀರು, ಬೆಳಕು, ಬೆಂದ ಅನ್ನ ಇವುಗಳನ್ನು ಒದಗಿಸುವುದು ಎಂಬ ದೃಷ್ಟಿ ರೆಡ್ಡಿಯವರಲ್ಲಿ ಗಟ್ಟಿಗೊಂಡದ್ದು ಇಂಥ ಊರುಗಳ ಒಡನಾಟದಿಂದ. 1990ರ ಸುಮಾರಿಗೆ ಕರ್ನಾಟಕದ ವಿದ್ಯುತ್ ಯೋಜನೆಗೆ ಅವರೂ ಅವರ ಸಂಗಡಿಗರೂ ಪರ್ಯಾಯ ಮಾರ್ಗವೊಂದನ್ನು ಸೂಚಿಸಿದಾಗ ಅದರ ತಳಹದಿಯಲ್ಲಿದ್ದುದು ಈ ದೃಷ್ಟಿಯೇ. ಬೃಹತ್ ಸ್ಥಾವರಗಳ ಸಂಖ್ಯೆಯನ್ನು ಏರಿಸುವುದಕ್ಕೆ ಮೊದಲು ಮಿತವ್ಯಯದಿಂದಲೂ ಚಿಕ್ಕ ಮೂಲಗಳಿಂದಲೂ ಎಷ್ಟನ್ನು ಸಾಧಿಸಬಹುದೆಂದು ಅವರು ಲೆಕ್ಕ ಹಾಕಿ ತೋರಿಸಿದರು. 56 ಮನೆಗಳ ಊರಿನ ಪಾಠವು ಹೀಗೆ ಒಂದು ರಾಜ್ಯದ ಚರ್ಚೆಯನ್ನು ಮುಟ್ಟಿತು. ವಿಶ್ವವಿದ್ಯಾನಿಲಯವು ಊರಿನಿಂದ ಪಡೆದ ವಿದ್ಯೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಇಷ್ಟಾದ ಮೇಲೆ ಒಂದು ಕಹಿ ಸತ್ಯವನ್ನೂ ಹೇಳಬೇಕಾಗುತ್ತದೆ. ಪುರದ ಆ ವ್ಯವಸ್ಥೆ ಶಾಶ್ವತವಾಗಲಿಲ್ಲ. ಸುಮಾರು ಒಂದು ದಶಕದ ಕಾಲ ನಡೆದು ಅದು ನಿಂತುಹೋಯಿತು. ರೆಡ್ಡಿಯವರು 2006ರಲ್ಲಿ ನಿಧನರಾಗುವುದಕ್ಕೆ ಕೆಲವು ವರ್ಷಗಳ ಮೊದಲು ಅದರಿಂದ ಕಲಿಯಬೇಕಾದ ಪಾಠಗಳನ್ನು ಕುರಿತು ಮತ್ತೊಮ್ಮೆ ಬರೆದರು. ಅಸ್ತ್ರ ಕೇಂದ್ರವು ಇಂದು ಸುಸ್ಥಿರ ತಂತ್ರಜ್ಞಾನ ಕೇಂದ್ರವೆಂಬ ಹೆಸರಿನಿಂದ ಅದೇ ಸಂಸ್ಥೆಯಲ್ಲಿ ಮುಂದುವರಿದಿದೆ. ಯಾವ ಯಂತ್ರಕ್ಕೂ ಆಯುಷ್ಯವಿದೆ. ಯಾವ ಸಮಿತಿಗೂ ಆಯುಷ್ಯವಿದೆ. ಆದರೆ ಒಂದು ಕೆಲಸ ನಿಂತಿತೆಂದ ಮಾತ್ರಕ್ಕೆ ಅದು ವ್ಯರ್ಥವಾಯಿತೆಂದು ತೀರ್ಮಾನಿಸುವುದು ಆತುರದ ಮಾತಾದೀತು. ಅಷ್ಟು ವರ್ಷ ಆ ಊರಿನ ಹೆಂಗಸರು ನೀರಿಗಾಗಿ ಸವೆಸದೆ ಉಳಿಸಿದ ಹೆಜ್ಜೆಗಳನ್ನು ಯಾರೂ ಹಿಂದಕ್ಕೆ ಕಿತ್ತುಕೊಳ್ಳಲಾರರು. ಅದೇ ವೇಳೆಗೆ, ಅದು ನಿಂತದ್ದನ್ನು ಮರೆತು ಬರಿಯ ಯಶಸ್ಸನ್ನೇ ಹಾಡುವುದೂ ಸತ್ಯಕ್ಕೆ ಅಪಚಾರವಾಗುತ್ತದೆ.

ನಿಂತದ್ದರಿಂದ ಏಳುವ ಪ್ರಶ್ನೆ ನಮ್ಮ ಕಾಲಕ್ಕೆ ಬಹಳ ಮುಖ್ಯವಾದುದು. ಪ್ರಾಧ್ಯಾಪಕನ ಬಡ್ತಿಯು ಅವನು ಪ್ರಕಟಿಸಿದ ಪ್ರಬಂಧಗಳ ಎಣಿಕೆಯಿಂದ ನಿರ್ಧಾರವಾಗುತ್ತದೆ. ಸಂಶೋಧನಾ ಯೋಜನೆಗೆ ಮೂರು ವರ್ಷಗಳೋ ಐದು ವರ್ಷಗಳೋ ಅವಧಿ ಇರುತ್ತದೆ. ವಿದ್ಯಾರ್ಥಿ ಎರಡು ವರ್ಷಗಳಲ್ಲಿ ಪದವಿ ಪಡೆದು ಹೊರಟುಹೋಗುತ್ತಾನೆ. ಊರಿನ ಕಾಲಗಣನೆ ಹೀಗಿರುವುದಿಲ್ಲ. ಅಲ್ಲಿ ಒಂದು ನಂಬಿಕೆ ಹುಟ್ಟಲು ಹತ್ತು ವರ್ಷ ಬೇಕಾಗಬಹುದು, ಒಂದು ಜಗಳ ಆರಲು ಒಂದು ತಲೆಮಾರು ಬೇಕಾಗಬಹುದು. ಈ ಎರಡು ಕಾಲಮಾನಗಳನ್ನು ಹೊಂದಿಸುವ ಹೊಣೆ ವ್ಯಕ್ತಿಯೊಬ್ಬನ ತ್ಯಾಗಕ್ಕೆ ಬಿಟ್ಟದ್ದಾಗಬಾರದು. ವಿದ್ಯಾಲಯವು ಅದನ್ನು ತನ್ನ ನಿಯಮಗಳಲ್ಲಿಯೇ ಸೇರಿಸಿಕೊಳ್ಳಬೇಕು.

ಈಚಿನ ವರ್ಷಗಳಲ್ಲಿ ಸರ್ಕಾರವೂ ಈ ದಿಕ್ಕಿನಲ್ಲಿ ಹೆಜ್ಜೆ ಇಟ್ಟಿದೆ. 2014ರಲ್ಲಿ ಕೇಂದ್ರ ಸರ್ಕಾರವು ಉನ್ನತ ಭಾರತ ಅಭಿಯಾನವನ್ನು ಆರಂಭಿಸಿ, ಉನ್ನತ ಶಿಕ್ಷಣ ಸಂಸ್ಥೆಗಳು ಕೆಲವು ಹಳ್ಳಿಗಳನ್ನು ದತ್ತು ತೆಗೆದುಕೊಂಡು ಅವುಗಳ ಏಳಿಗೆಗೆ ಶ್ರಮಿಸಬೇಕೆಂದು ಕರೆಯಿತ್ತಿತು. ಕರ್ನಾಟಕದಲ್ಲಿ 2016ರ ಶಾಸನದ ಮೂಲಕ ಗದಗಿನಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವೇ ಸ್ಥಾಪನೆಗೊಂಡಿತು. ಇವು ಸ್ವಾಗತಾರ್ಹವಾದ ಕಾರ್ಯಗಳು. ಆದರೆ 'ದತ್ತು' ಎಂಬ ಶಬ್ದದ ಮುಂದೆ ಕ್ಷಣಕಾಲ ನಿಲ್ಲಬೇಕಾಗುತ್ತದೆ. ದತ್ತು ತೆಗೆದುಕೊಳ್ಳುವುದು ಮಗುವನ್ನು. ಸಾವಿರ ವರ್ಷಗಳಿಂದ ಕೆರೆ ಕಟ್ಟಿಕೊಂಡು, ಬಿತ್ತು ಬೆಳೆದು ಬಾಳಿದ ಊರು ಐವತ್ತು ವರ್ಷ ಪ್ರಾಯದ ಕಾಲೇಜಿನ ಮಗುವಾಗುವುದು ಹೇಗೆ? ಶಬ್ದದಲ್ಲಿ ಮನೋಭಾವ ಇಣುಕುತ್ತದೆ. ಮಗುವಿಗೆ ಏನು ಬೇಕೆಂದು ತಾಯಿತಂದೆಯರು ನಿರ್ಧರಿಸುತ್ತಾರೆ. ನೆರೆಯವನಿಗೆ ಏನು ಬೇಕೆಂದು ಅವನನ್ನೇ ಕೇಳಬೇಕಾಗುತ್ತದೆ. ವಿಶ್ವವಿದ್ಯಾನಿಲಯವು ಊರಿಗೆ ನೆರೆಯಾಗಬೇಕೇ ಹೊರತು ಪೋಷಕನಾಗಬಾರದು.

ಇನ್ನೊಂದು ಎಚ್ಚರವೂ ಬೇಕು. ಊರು ಎಂದರೆ ಒಂದೇ ಕಂಠವಲ್ಲ. ಜಮೀನುಳ್ಳವರ ಅಗತ್ಯ ಒಂದು, ಕೂಲಿಯವರ ಅಗತ್ಯ ಇನ್ನೊಂದು. ಸಭೆಯಲ್ಲಿ ಕುಳಿತು ಮಾತನಾಡುವ ಗಂಡಸರದು ಒಂದು, ಬಿಂದಿಗೆ ಹೊತ್ತು ನಡೆಯುವ ಹೆಂಗಸರದು ಇನ್ನೊಂದು. ಊರನ್ನು ಕೇಳಿದೆವೆಂದು ಹೇಳುವಾಗ ಊರಿನಲ್ಲಿ ಯಾರನ್ನು ಕೇಳಿದೆವೆಂಬುದನ್ನೂ ಹೇಳಬೇಕು. ಪುರದ ಹಿರಿಮೆಯೆಂದರೆ ಅಲ್ಲಿ ಆರಿಸಿಕೊಂಡ ಪರಿಹಾರವು ದನವಿದ್ದವರಿಗೆ ಗೊಬ್ಬರವನ್ನೂ, ಸಗಣಿ ಹೊತ್ತವರಿಗೆ ಕೂಲಿಯನ್ನೂ, ಎಲ್ಲರಿಗೂ ನೀರನ್ನೂ ಕೊಡುವಂಥದಾಗಿತ್ತು. ನೀರಿನ ನಲ್ಲಿಯು ದನವುಳ್ಳವನನ್ನೂ ಇಲ್ಲದವನನ್ನೂ ಬೇರ್ಪಡಿಸಲಿಲ್ಲ.

ಟಾಯ್ನ್‌ಬಿ ಹಾಲಿನ ತರುಣರು ಬಡವರ ನಡುವೆ ಬಂದು ನೆಲೆಸಿದರು. ಮೈಸೂರಿನ ಅಧ್ಯಾಪಕರು ಜನರ ಭಾಷೆಯಲ್ಲಿ ಮಾತನಾಡಿದರು. ಮಾತರಿನ ವಿದ್ಯಾರ್ಥಿಗಳು ಜನರ ಕಷ್ಟವನ್ನು ಲೆಕ್ಕಕ್ಕೆ ತಂದರು. ಪುರದಲ್ಲಿ ವಿಜ್ಞಾನಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಮ್ಮ ಲೆಕ್ಕ ಸರಿಯಿದ್ದಾಗಲೂ ತಮ್ಮ ಪ್ರಶ್ನೆಯನ್ನು ಬಿಟ್ಟುಕೊಟ್ಟು ಊರಿನ ಪ್ರಶ್ನೆಯನ್ನು ಸ್ವೀಕರಿಸಿದರು. ನೆಲೆಸುವುದು, ಮಾತನಾಡುವುದು, ಅಳೆಯುವುದು ಇವು ಮೂರೂ ವಿದ್ಯೆಯಿಂದ ಸಾಧ್ಯ. ನಾಲ್ಕನೆಯದಕ್ಕೆ ವಿದ್ಯೆಯ ಜೊತೆಗೆ ವಿನಯವೂ ಬೇಕು. ವಿದ್ಯೆಯು ವಿನಯವನ್ನು ಕೊಡುತ್ತದೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಹಳ್ಳಿಯ ಬಾಗಿಲಲ್ಲಿ ನಿಂತ ವಿಶ್ವವಿದ್ಯಾನಿಲಯಕ್ಕೆ ಆ ಮಾತು ಸುಭಾಷಿತವಾಗಿ ಉಳಿಯದೆ, ಕೆಲಸ ಆರಂಭಿಸುವ ಮುನ್ನ ಪಾಲಿಸಬೇಕಾದ ಮೊದಲ ನಿಯಮವಾಗಬೇಕು.